ಮಾದಪ್ಪನ ಬಾಕಿ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದಾಗ ಏಳು ವರ್ಷದ ಮಗಳು ನಡುಮನೆಯ ಗೋಡೆ ನೋಡಿಕೊಂಡು ಕೇಳಿದಳು: "ಅಪ್ಪಾ, ಈ ತಾತಂಗೆ ಯಾಕೆ ಅಷ್ಟು ಕೋಪ?"

ಅವಳು ಕೈ ತೋರಿಸಿದ್ದು ನನ್ನ ತಾತನ ಫೋಟೋಗೆ. ಆ ಫೋಟೋ ಗೋಡೆಗೆ ಬಂದು ಹತ್ತು ಹನ್ನೆರಡು ವರ್ಷವಾಯಿತು. ಹೋದಾಗಲೆಲ್ಲ ಕೈಮುಗಿದು ಬರುತ್ತೇನೆ. ಮುಖವನ್ನೇ ಸರಿಯಾಗಿ ನೋಡಿರಲಿಲ್ಲ ಅನ್ನೋದು ಅವತ್ತು ಗೊತ್ತಾಯಿತು. ಮಗು ಹೇಳಿದ್ದು ಸರಿ. ತುಟಿ ಬಿಗಿದುಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಹಳೇ ಸಾಲ ಕೇಳೋಕೆ ಬಂದವನನ್ನು ನೋಡುವ ಹಾಗೆ ನೋಡುತ್ತಿದ್ದಾನೆ. ಹಣೆ ಮೇಲೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಮೂರು ಪಟ್ಟೆ ವಿಭೂತಿ. ಪಕ್ಕದ ಫ್ರೇಮಿನಲ್ಲಿ ಅಜ್ಜಿ. ಅವಳು ಮಾತ್ರ ಬಾಯ್ತುಂಬ ನಗುತ್ತಿದ್ದಾಳೆ. ಯಾರದೋ ಮದುವೆಯಲ್ಲಿ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಹಿಡಿದದ್ದು. ಮುಂದೆ ಈ ಮನೆಯಲ್ಲಿ ಹುಟ್ಟುವ ಮಕ್ಕಳೆಲ್ಲ ತಾತ ಸಿಡುಕ, ಅಜ್ಜಿ ನಗುಮುಖದವಳು ಅಂತಲೇ ತಿಳಿದುಕೊಳ್ಳುತ್ತಾರೆ. ಇದ್ದದ್ದು ಪೂರ್ತಿ ಉಲ್ಟಾ.

"ಕೋಪ ಅಲ್ಲ ಕಣೇ, ಬಾಯಲ್ಲಿ ಎಲೆಅಡಿಕೆ ಇದೆ" ಅಂದೆ. ಅವಳು ನಂಬಲಿಲ್ಲ.

ನಿಜ ಅದೇ. ಆ ಫೋಟೋ ವೋಟರ್ ಐಡಿ ಮಾಡಿಸುವಾಗ ಊರಿನ ಶಾಲೆಯಲ್ಲಿ ತೆಗೆದದ್ದು. ತಾತ ಬಿಸಿಲಲ್ಲಿ ಸಾಲಿನಲ್ಲಿ ನಿಂತಿದ್ದ. ಹೊತ್ತು ಹೋಗಲಿ ಅಂತ ಎಲೆಅಡಿಕೆ ಹಾಕಿಕೊಂಡ. ಅಷ್ಟರಲ್ಲಿ ಹೆಸರು ಕೂಗಿದರು. ಶಾಲೆಯೊಳಗೆ ಉಗಿಯುವ ಹಾಗಿಲ್ಲ, ಬಾಯಿ ಬಿಟ್ಟರೆ ಅಂಗಿ ಕೆಂಪಾಗುತ್ತದೆ. ತುಟಿ ಬಿಗಿಹಿಡಿದು ಕುರ್ಚಿ ಮೇಲೆ ಕೂತ. ಫೋಟೋದವನು ಆಮೇಲೆ ಹೆಸರೇನು ಅಂತ ಕೇಳಿದಾಗಲೂ ಕೈಸನ್ನೆಯಲ್ಲೇ ಏನೋ ಹೇಳಿದನಂತೆ. ತಾತ ಸತ್ತ ಮೇಲೆ ದೊಡ್ಡದು ಮಾಡಿಸೋಣ ಅಂದರೆ ಅವನೊಬ್ಬನೇ ಇರುವ ಫೋಟೋ ಇದೊಂದೇ ಸಿಕ್ಕಿದ್ದು. ಉಬ್ಬಿದ ಎಡಗೆನ್ನೆಯನ್ನು ಸ್ಟುಡಿಯೋದವನು ತಿದ್ದಿ ಬಲಗೆನ್ನೆಗೆ ಸಮ ಮಾಡಿದ. ಬೆವರಿಗೆ ವಿಭೂತಿ ಅಳಿಸಿಹೋಗಿತ್ತು, ಅದನ್ನು ಕಂಪ್ಯೂಟರಿನಲ್ಲೇ ಬಳಿದ. ಬದುಕಿರುವ ತನಕ ವಿಭೂತಿ ಇಲ್ಲದೆ ಹೊಸಿಲು ದಾಟದ ಮನುಷ್ಯನಿಗೆ ಕೊನೆಗೆ ಕಂಪ್ಯೂಟರ್ ವಿಭೂತಿ. ಇದನ್ನು ಕೇಳಿದ್ದರೆ ತಾತ ಒಂದು ವಾರ ನಗುತ್ತಿದ್ದ, ಸಿಕ್ಕವರಿಗೆಲ್ಲ ಹೇಳಿಕೊಂಡು.

ಆವತ್ತಿನಿಂದ ಅವನದೇ ಯೋಚನೆ. ಬರೆದರೆ ಸ್ವಲ್ಪ ಕಡಿಮೆಯಾಗುತ್ತದೇನೋ ಅಂತ ಕೂತಿದ್ದೇನೆ.

ಒಂದೊತ್ತು

ನಮ್ಮೂರು ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿ ಬದಿಯಲ್ಲಿದೆ. ಮನೆ ಮಾದಪ್ಪನ ಒಕ್ಕಲು. ಅಂದರೆ ಮಲೆ ಮಹದೇಶ್ವರ. ಆದರೆ ಮಹದೇಶ್ವರ ಅಂತ ಪೂರ್ತಿ ಹೆಸರು ಹಿಡಿದು ತಾತ ಕರೆದದ್ದನ್ನು ನಾನು ಕೇಳಿಲ್ಲ. ಮಾದಪ್ಪ, ಮಾದೇವ, ಕೋಪ ಬಂದರೆ "ಏನಯ್ಯಾ". ದೇವರಿಗೂ ಏಕವಚನವೇ. ನಾವು ತಾತನಿಗೂ ಏಕವಚನವೇ ಹಾಕುತ್ತಿದ್ದೆವು. ಮೈಸೂರಿಂದ ಬಂದ ನೆಂಟರೊಬ್ಬರು, "ಹಿರಿಯರಿಗೆ ಹಾಗೆಲ್ಲ ಹೋಗು ಬಾ ಅನ್ನಬಾರದು" ಅಂತ ನಮಗೆ ಬುದ್ಧಿ ಹೇಳಿದಾಗ ತಾತನೇ ಅಡ್ಡ ಬಂದ. "ಬುಡಿ ಸೋಮಿ, ನನ್ನ ಬಹುವಚನದಲ್ಲಿ ಕರುದ್ರೆ ಇನ್ಯಾರೋ ಬಂದವ್ರೆ ಅಂತ ಹಿಂದಕ್ ತಿರುಗಿ ನೋಡ್ತೀನಿ."

ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದ. ಚಳಿಗಾಲದಲ್ಲೂ ತೊಟ್ಟಿಯ ತಣ್ಣೀರು. ಮೈಮೇಲೆ ಸುರಿದುಕೊಳ್ಳುವಾಗ ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದ. ಅದು ಭಕ್ತಿಯೋ ಚಳಿಯೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಲೆಯಿಂದ ಕೆಂಡ ತೆಗೆದು ಧೂಪ ಹಾಕುತ್ತಿದ್ದ. ಮಂತ್ರ ಬರುತ್ತಿರಲಿಲ್ಲ. ಸುಮ್ನೆ ಮಾತಾಡುತ್ತಿದ್ದ, ಪಕ್ಕದ ಮನೆಯವನ ಜೊತೆ ಜಗಲಿಯಲ್ಲಿ ಕೂತು ಮಾತಾಡುವ ಹಾಗೆ. "ನೋಡಪ್ಪಾ ಮಾದೇವ, ನಾಕು ದಿನದಿಂದ ಮೋಡ ಕಟ್ತದೆ, ಹೋಯ್ತದೆ. ಸುರುಸೋದಾದ್ರೆ ಸುರುಸು, ಇಲ್ದಿದ್ರೆ ಮೋಡನಾದ್ರೂ ಮಡಚಿ ಒಳಗಿಡು, ಬಟ್ಟೆ ಒಣುಗ್ತಾ ಇಲ್ಲ."

ಸೋಮವಾರ, ಅವನ ಬಾಯಲ್ಲಿ ಸ್ವಾಮಾರ, ಒಂದೊತ್ತು. ಹಗಲೆಲ್ಲ ಉಪವಾಸ, ರಾತ್ರಿ ದೀಪ ಹಚ್ಚಿದ ಮೇಲೆ ಊಟ. ಜ್ವರ ಬಂದರೂ ಬಿಡುತ್ತಿರಲಿಲ್ಲ. ಆದರೆ ಆ ಒಂದೊತ್ತಿಗೆ ಮೂರು ಮುದ್ದೆ ಇಳಿಯುತ್ತಿತ್ತು. ಅಜ್ಜಿ ಏನಾದರೂ ಅಂದರೆ, "ಒಂದೊತ್ತು ಅಂದಿವ್ನೇ ಹೊರತು ಒಂದ್ ಮುದ್ದೆ ಅಂದಿಲ್ಲ. ಮಾದಪ್ಪಂಗೂ ನಂಗೂ ಮಾತಾಗಿರೋದು ಅಂಗೆ" ಅಂತಿದ್ದ.

ಇಷ್ಟೇ ಆಗಿದ್ದರೆ ತಮಾಷೆಯ ಮುದುಕ ಅಂತ ಬರೆದು ಮುಗಿಸಬಹುದಿತ್ತು. ಒಂದು ದಿನದ ನೆನಪು ಹಾಗೆ ಮುಗಿಸೋಕೆ ಬಿಡುವುದಿಲ್ಲ. ನಮ್ಮದು ರೇಷ್ಮೆ ಮನೆ. ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಸೊಪ್ಪು ಮೇಯುತ್ತಿತ್ತು. ಇನ್ನು ಒಂದು ವಾರಕ್ಕೆ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟಿಗೆ ಬಿಡಬೇಕು. ಆಗ ಹಾಲುತೊಂಡೆ ರೋಗ ಬಂತು. ನೋಡಿದವರಿಗೆ ಗೊತ್ತು, ಹುಳುವಿನ ಮೈ ಊದಿಕೊಂಡು, ಮುಟ್ಟಿದರೆ ಒಡೆದು ಹಾಲಿನಂಥ ನೀರು ಬರುತ್ತದೆ. ಎರಡೇ ದಿನದಲ್ಲಿ ಅರ್ಧಕ್ಕರ್ಧ ಹೋಯಿತು. ಮೂರನೇ ದಿನ ಅಪ್ಪ, ಚಿಕ್ಕಪ್ಪ ತಟ್ಟೆಗಟ್ಟಲೆ ಹೊತ್ತು ಹಿತ್ತಲ ಗುಂಡಿಗೆ ಸುರಿದು ಸುಣ್ಣ ಹಾಕಿದರು. ತಾತ ಏನೂ ಮಾತಾಡಲಿಲ್ಲ. ಗುಂಡಿ ಮುಚ್ಚಿ ಆದ ಮೇಲೆ ಕೈಕಾಲು ತೊಳೆದು ಒಳಗೆ ಬಂದ. ಗೋಡೆಯ ಗೂಡಿನಲ್ಲಿದ್ದ ಮಾದಪ್ಪನ ಪಟವನ್ನು, ಹುಲಿ ಮೇಲೆ ಕೂತಿರುವ ಆ ಪಟವನ್ನು, ಗೋಡೆ ಕಡೆಗೆ ತಿರುಗಿಸಿಟ್ಟ. "ನಂಜೊತೆ ಮಾತಾಡ್ಬ್ಯಾಡ" ಅಂದ.

ರಾತ್ರಿ ಅಜ್ಜಿ ಎದ್ದು ಪಟವನ್ನು ಸರಿಯಾಗಿ ಇಟ್ಟಳು. ಬೆಳಿಗ್ಗೆ ತಾತ ಮತ್ತೆ ತಿರುಗಿಸಿದ. ಹೀಗೆ ಮೂರು ದಿನ ನಡೆಯಿತು. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಕೇಳಲಿಲ್ಲ. ಆ ಮೂರು ದಿನವೂ ತಾತ ಧೂಪ ಹಾಕಿದ, ಪಟದ ಬೆನ್ನಿಗೆ. ಸೋಮವಾರ ಬೆಳಿಗ್ಗೆ ಅವನೇ ಪಟ ತಿರುಗಿಸಿ ಪಂಚೆ ಚುಂಗಿನಿಂದ ಒರೆಸಿದ. ಅಜ್ಜಿ ನೋಡುತ್ತಿದ್ದಳು. "ಇವತ್ತು ಅವನ ದಿನ ಕಣೆ. ಜಗಳ ನಾಳಿಕ್ಕಿರ್ಲಿ" ಅಂದ. ಆ ನಾಳೆ ಬಂದಿದ್ದು ನನಗೆ ನೆನಪಿಲ್ಲ.

ಆ ಗೂಡಿನಲ್ಲೇ ಪಟದ ಪಕ್ಕ ಒಂದು ಹಾಲಿನ ಪುಡಿ ಡಬ್ಬಿ ಇತ್ತು. ಮಾದಪ್ಪನ ಮುಡುಪು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ಬಂದ ದಿನ, ಮನೆಯೊಳಗೆ ಕಾಲಿಟ್ಟು ಮಾಡುವ ಮೊದಲ ಕೆಲಸ ಆ ಡಬ್ಬಿಗೆ ಮಾದಪ್ಪನ ಪಾಲು ಹಾಕುವುದು. ಆಮೇಲೇ ನಮಗೆ ಖಾರಾಬೂಂದಿ ಪೊಟ್ಟಣ. ವರ್ಷದ ದುಡ್ಡನ್ನು ಶಿವರಾತ್ರಿ ಹೊತ್ತಿಗೆ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಟ್ಟಕ್ಕೆ ನಡೆದು ಹೋಗಿ ಹುಂಡಿಗೆ ಹಾಕಿ ಬರುತ್ತಿದ್ದ. ಇಲ್ಲಿಯ ತನಕ ಎಲ್ಲ ಮನೆಯ ಕತೆಯೇ. ನಮ್ಮ ತಾತ ಆ ಡಬ್ಬಿಯಿಂದ ಸಾಲ ತೆಗೆಯುತ್ತಿದ್ದ. ಬೀಡಿಗೆ, ನಾಟಕಕ್ಕೆ, ಜಾತ್ರೆಯಲ್ಲಿ ನಮಗೆ ಪೀಪಿ ಕೊಡಿಸೋಕೆ. ತೆಗೆದಾಗೆಲ್ಲ ಒಂದು ಬೀಡಿ ಹಚ್ಚಿ, ಆ ಸುಟ್ಟ ಬೆಂಕಿಕಡ್ಡಿಯನ್ನು ಡಬ್ಬಿಗೆ ಹಾಕುತ್ತಿದ್ದ. ಒಂದು ಕಡ್ಡಿ ಅಂದರೆ ಒಂದು ಬಾಕಿ. ಓದು ಬರಹ ಅಷ್ಟಕ್ಕಷ್ಟೆ, ಹಾಗಾಗಿ ಕಡ್ಡಿ ಲೆಕ್ಕ. ಶಿವರಾತ್ರಿಗೆ ಮುಂಚೆ ಕೂಲಿಯೋ ನಾಲಿಯೋ ಮಾಡಿ ದುಡ್ಡು ವಾಪಸ್ ಹಾಕಿ, ಕಡ್ಡಿಗಳನ್ನು ಒಂದೊಂದಾಗಿ ಒಲೆಗೆ ಎಸೆಯುತ್ತಿದ್ದ. ಕೊನೇ ಕಡ್ಡಿ ಎಸೆಯುವಾಗ ಕೈಮುಗಿಯುತ್ತಿದ್ದ.

ಶಕುನಿ

ನನಗೆ ಎಂಟು ವರ್ಷ ಇದ್ದಾಗ ಊರಹಬ್ಬಕ್ಕೆ ಪೌರಾಣಿಕ ನಾಟಕ ಆಡಿಸಬೇಕು ಅಂತ ತೀರ್ಮಾನವಾಯಿತು. ನಮ್ಮ ಕಡೆ ಇದರ ಕ್ರಮ ಗೊತ್ತಲ್ಲ. ಆಡುವವರೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಎಲ್ಲಕ್ಕಿಂತ ಜಾಸ್ತಿ, ಆಮೇಲೆ ಕೃಷ್ಣ, ಭೀಮ, ಕರ್ಣ. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಊರಲ್ಲೇ ಉಳಿದು ರಾತ್ರಿ ರಾತ್ರಿ ಕಲಿಸುತ್ತಾರೆ. ತಾತನಿಗೆ ಆಗಲೇ ಅರವತ್ತು ದಾಟಿತ್ತು. ಶಕುನಿ ನನಗೇ ಬೇಕು ಅಂದ. ಅದಕ್ಕೆ ಎಂಟುನೂರು ರೂಪಾಯಿ.

ಅಜ್ಜಿ ಒಪ್ಪಲಿಲ್ಲ. ಮಾದಪ್ಪನ ಕತೆಯಲ್ಲಿ ಬೇವಿನಹಟ್ಟಿ ಕಾಳಮ್ಮ ಬರುತ್ತಾಳಲ್ಲ, ಮನೆ ತುಂಬ ಇದ್ದರೂ ಭಿಕ್ಷೆಗೆ ಬಂದ ಮಾದಪ್ಪನಿಗೆ ಒಂದು ಹಿಡಿ ಹಾಕದವಳು. ಅಜ್ಜಿ ದುಡ್ಡಿಲ್ಲ ಅಂದಾಗೆಲ್ಲ ತಾತ ಅವಳನ್ನು "ಬೇವಿನಹಟ್ಟಿ ಕಾಳಮ್ನೋರೇ" ಅಂತ ಕರೆಯುತ್ತಿದ್ದ. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆ ಕಾಳಮ್ಮನ ಮನೆಯಲ್ಲಿ ಸಿರಿ ಇತ್ತು. ಅಜ್ಜಿಯ ಸೆರಗಿನ ಗಂಟಲ್ಲಿ ಇದ್ದದ್ದು ನಾಳೆಯ ಉಪ್ಪು ಮೆಣಸಿನಕಾಯಿ ದುಡ್ಡು.

ದುಡ್ಡು ಎಲ್ಲಿಂದ ಬಂತು? ಸ್ವಲ್ಪ ಮುಡುಪಿನ ಡಬ್ಬಿಯಿಂದ. ಉಳಿದದ್ದಕ್ಕೆ ಅಜ್ಜಿಯ ಓಲೆ ಗಿರವಿ ಬಿತ್ತು. ಕೇಳಿ ತೆಗೆದುಕೊಂಡನೋ ಕೇಳದೆ ತೆಗೆದುಕೊಂಡನೋ, ಇಬ್ಬರೂ ಕೊನೇ ತನಕ ಹೇಳಲಿಲ್ಲ. ಕಿವಿ ತೂತು ಮುಚ್ಚಿಹೋಗದಿರಲಿ ಅಂತ ಅಜ್ಜಿ ಪೊರಕೆ ಕಡ್ಡಿ ಮುರಿದು ಸಿಕ್ಕಿಸಿಕೊಂಡಳು. ಓಲೆ ಬಿಡಿಸಿಕೊಂಡು ಬರೋಕೆ ಎರಡು ಬೆಳೆ ಹಿಡಿಯಿತು.

ನಾಟಕದ ರಾತ್ರಿ ಮಾತ್ರ ಮರೆಯೋಕಾಗಲ್ಲ. ಗುಡಿ ಮುಂದೆ ಬಾಡಿಗೆಯ ಸೀನರಿ. ಹನ್ನೊಂದು ಗಂಟೆಗೆ ಪರದೆ ಎದ್ದದ್ದು, ಮುಗಿದದ್ದು ಬೆಳಗಿನ ಕೋಳಿ ಕೂಗಿದ ಮೇಲೆ. ಪಗಡೆ ಸೀನ್ ಬಂದಾಗ ಎರಡು ಗಂಟೆ. ಅರ್ಧ ಜನ ಚಾಪೆ ಮೇಲೆ ನಿದ್ದೆ ಹೋಗಿದ್ದರು. ತಾತ ದಾಳ ಉರುಳಿಸಿ ಜೋರಾಗಿ ನಕ್ಕ. ಆ ನಗುವಿಗೆ ಅಂಟು ಬಿಟ್ಟು ಮೀಸೆಯ ಅರ್ಧ ಕಿತ್ತು ಜೋತು ಬಿತ್ತು. ದುರ್ಯೋಧನ ಮಾತು ಮರೆತು ನಿಂತ. ಹಾರ್ಮೋನಿಯಂ ನಿಂತಿತು. ತಾತ ಆ ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ರಾಗವಾಗಿ ಅಂದ: "ಅಳಿಯಾ ಸುಯೋಧನಾ, ನಮ್ಮ ಗಾಂಧಾರದಲ್ಲಿ ಬಿಸಿಲು ಜಾಸ್ತಿ. ಮೀಸೆ ನಿಲ್ಲುವುದಿಲ್ಲ!" ಮಲಗಿದ್ದವರೆಲ್ಲ ಎದ್ದು ಕೂತರು. ಒನ್ಸ್ ಮೋರ್ ಅಂತ ಕೂಗಾಟ. ಯಾರೋ ಓಡಿಬಂದು ಎದೆಗೆ ಹತ್ತು ರೂಪಾಯಿ ನೋಟು ಪಿನ್ ಮಾಡಿದರು. ಮೇಷ್ಟ್ರಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು.

ಬೆಳಿಗ್ಗೆ ಅದೇ ವೇಷದಲ್ಲಿ, ಅರ್ಧ ಮೀಸೆಯಲ್ಲೇ, ತಾತ ಗುಡಿಗೆ ಹೋಗಿ ಅಡ್ಡಬಿದ್ದ. ಪೂಜಾರಿ ಗದರಿದರು, "ವೇಷ ಕಳಚಿ ಬಾ." ತಾತ ನೆಲದ ಮೇಲಿಂದಲೇ ತಲೆ ಎತ್ತಿ, "ಅವ್ನೂ ಹುಲಿ ಮ್ಯಾಲೆ ಕುಂತು ವೇಷ ಹಾಕವ್ನೆ, ನಾನೂ ಹಾಕಿವ್ನಿ. ಅವ್ನು ಕಳಚುದ್ರೆ ನಾನೂ ಕಳಚ್ತೀನಿ" ಅಂದ. ಊರಿನವರು ಇವತ್ತಿಗೂ ಇದನ್ನು ಹೇಳಿಕೊಂಡು ನಗುತ್ತಾರೆ. ಅಜ್ಜಿ ಅವತ್ತು ನಾಟಕಕ್ಕೇ ಬಂದಿರಲಿಲ್ಲ. ನಾನು ಮನೆಗೆ ಓಡಿ ಹೋಗಿ ಮೀಸೆ ಕತೆ ಹೇಳಿದೆ. ಮುದ್ದೆ ತೊಳಸುತ್ತಿದ್ದವಳು ತಿರುಗಿ ನೋಡದೆ ಹೇಳಿದಳು: "ಊರ್ಗೆಲ್ಲ ನಗ. ನನ್ ಕಿವಿ ಬೋಳು."

ತಾತನ ತಮಾಷೆ ನೆನೆದಾಗಲೆಲ್ಲ ಈ ಮಾತೂ ಜೊತೆಗೇ ಬರುತ್ತದೆ. ಬಿಟ್ಟು ಬರೆದರೆ ನಾನೂ ಸ್ಟುಡಿಯೋದವನ ಕೆಲಸವನ್ನೇ ಮಾಡಿದ ಹಾಗಾಗುತ್ತದೆ.

ಹೊಳೆ

1996ರ ಶಿವರಾತ್ರಿಗೆ ತಾತ ನನ್ನನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದ. ನನಗೆ ಹನ್ನೊಂದು. ಅವ್ವ ಬೇಡ ಅಂದಳು. ಆಗ ವೀರಪ್ಪನ್ ಕಾಲ. ಆ ಕಾಡಿನ ಹೆಸರೆತ್ತಿದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ತಾತ ಅಂದ, "ಸಿಕ್ಲಿ ಬುಡು, ನಂಗೂ ಕೆಲ್ಸ ಅದೆ. ಆ ಮೀಸೆ ಎಂಗೆ ನಿಲ್ಲುಸ್ಕಂಡವ್ನೆ ಅಂತ ಕೇಳ್ಬೇಕು."

ಊರಿಂದ ಹದಿನೈದು ಇಪ್ಪತ್ತು ಜನ ಹೊರಟೆವು. ಬರಿಗಾಲು. ಹೆಗಲ ಮೇಲೆ ಜೋಳಿಗೆ, ಅದರಲ್ಲಿ ರಾಗಿಹಿಟ್ಟು, ಹುರಿಗಡಲೆ, ಒಂದು ಕಂಬಳಿ. ಸಾಯಂಕಾಲಕ್ಕೆ ಸಂಗಮ ಮುಟ್ಟಿದೆವು. ಅರ್ಕಾವತಿ ಬಂದು ಕಾವೇರಿಗೆ ಸೇರುವ ಜಾಗ. ಹೊಳೆ ದಂಡೆ ತುಂಬ ಒಲೆಗಳು. ಎಲ್ಲ ಕಡೆಯಿಂದ ಉಘೇ, ಉಘೇ. ಒಂದು ಕಡೆ ಗುಡ್ಡರು, ಅಂದರೆ ಮಾದಪ್ಪನ ಕತೆ ಹಾಡುವ ಒಕ್ಕಲಿನವರು, ಕಂಸಾಳೆ ಹಿಡಿದು ಆ ಕತೆಯಲ್ಲಿ ಬರುವ ಸಂಕಮ್ಮನ ಭಾಗ ಹಾಡುತ್ತಿದ್ದರು. ಬಟ್ಟಲಿನಂಥ ಕಂಚಿನ ತಾಳಕ್ಕೆ ಇನ್ನೊಂದು ತಾಳ ಬಡಿಯುವ ಸದ್ದು ನಿದ್ದೆಯೊಳಗೂ ಕೇಳುತ್ತಿತ್ತು.

ಬೆಳಿಗ್ಗೆ ಹೊಳೆ ದಾಟಬೇಕು. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿದ್ದರು. ವಯಸ್ಸಾದವರಿಗೆ, ಮಕ್ಕಳಿಗೆ ತೆಪ್ಪ ಇತ್ತು. ನಾವಿಬ್ಬರೂ ತೆಪ್ಪದ ಲೆಕ್ಕಕ್ಕೇ ಬರುವವರು. ತಾತ ಹತ್ತಲಿಲ್ಲ. "ನಡ್ಕಂಡ್ ಬತ್ತೀನಿ ಅಂತ ಅವ್ನಿಗೆ ಹೇಳಿವ್ನಿ. ತೆಪ್ಪದಲ್ಲಿ ಕುಂತ್ಕಂಡ್ರೆ ಅದು ನಡ್ದಂಗಾಯ್ತದಾ?" ಹಗ್ಗ ಹಿಡಿದು ಇಳಿದೆವು. ನೀರು ಅವನ ಸೊಂಟಕ್ಕೆ, ನನ್ನ ಎದೆಗೆ. ಕಾಲಡಿ ಪಾಚಿ ಕಟ್ಟಿದ ಬಂಡೆಗಳು. ನನ್ನ ರಟ್ಟೆ ಹಿಡಿದುಕೊಂಡು ತಾತ ಬಾಯಿ ನಿಲ್ಲಿಸದೆ ಮಾತಾಡುತ್ತಿದ್ದ. ಮೀನು ಕಚ್ಚಿದರೆ ಹೇಳು, ನಾವೂ ಕಚ್ಚೋಣ. ಮುಂದೆ ಹೋಗುವವನ ಗಂಟು ನೋಡು, ಅವನ ಹೆಂಡತಿ ಒಳ್ಕಲ್ಲನ್ನೂ ಕಟ್ಟಿ ಕಳಿಸಿರಬೇಕು. ಹಿಂದಿದ್ದವರು, ಮುಂದಿದ್ದವರು ನಗುತ್ತಿದ್ದರು.

ನಡುಹೊಳೆಯಲ್ಲಿ ಮುಂದಿದ್ದ ಮುದುಕಿಯ ಕಾಲು ಜಾರಿತು. ತಾತ ಹಗ್ಗ ಬಿಟ್ಟು ಅವಳ ತೋಳು ಹಿಡಿದ.

ಎತ್ತಿ ನಿಲ್ಲಿಸುವಷ್ಟರಲ್ಲಿ ಅವನ ಸೊಂಟದ ಗಂಟು ಸಡಿಲವಾಗಿತ್ತು. ನೀರಿನ ಮೇಲೆ ಹಳದಿ ಬಟ್ಟೆ ಕಂಡಿತು, ಅಂಗೈಯಷ್ಟು. ನಾನೂ ನೋಡಿದೆ, ಅವನೂ ನೋಡಿದ. ಒಂದು ಬಂಡೆಗೆ ತಾಗಿ ನಿಂತ ಹಾಗೆ ಮಾಡಿ, ತಿರುಗಿ, ಮುಳುಗಿತು. ಮುಡುಪು. ಐವತ್ತೊಂದು ರೂಪಾಯಿ. ಆ ವರ್ಷ ಅಷ್ಟೇ ಕೂಡಿದ್ದು. ಒಂದು ಗಳಿಗೆ ತಾತನ ಬಾಯಿ ಕಟ್ಟಿತು. ಆಮೇಲೆ ಗಹಗಹಿಸಿ ನಕ್ಕ. "ನೋಡ್ದ್ಯಾ ಮಗ, ಬೆಟ್ಟ ಹತ್ತೋಗಂಟ ತಡ್ಕಳಾಕಾಗ್ನಿಲ್ಲ ಅವ್ನಿಗೆ. ಹೊಳೆಗೇ ಬಂದು ಇಸ್ಕಂಡ!" ಸಾಲಿಗೆ ಸಾಲೇ ನಕ್ಕಿತು. ಉಘೇ ಅಂದಿತು. ನನಗೂ ಸಮಾಧಾನವಾಯಿತು. ಲೆಕ್ಕ ಮುಗಿಯಿತು ಅಂದುಕೊಂಡೆ.

ಕಾಡು ದಾಟಿ, ಶಾಗ್ಯ, ಕೌದಳ್ಳಿ ದಾಟಿ, ಬೆಟ್ಟದ ಬುಡದ ತಾಳುಬೆಟ್ಟಕ್ಕೆ ಬಂದ ರಾತ್ರಿ ಕಾಲು ನೋವಿಗೆ ನನಗೆ ನಿದ್ದೆ ಬರಲಿಲ್ಲ. ಕಂಬಳಿ ಸಂದಿಯಿಂದ ನೋಡಿದರೆ ತಾತ ನಮ್ಮೂರಿನ ಒಬ್ಬರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮೆಲ್ಲಗೆ ಮಾತಾಡುತ್ತಿದ್ದ. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಅದಕ್ಕೇ ಮೊದಲು ಅವನೇ ಅಂತ ಗೊತ್ತಾಗಲಿಲ್ಲ. ಐವತ್ತೊಂದು ರೂಪಾಯಿ ಸಾಲ ಕೇಳುತ್ತಿದ್ದ. ಊರಿಗೆ ಹೋದ ಮೇಲೆ ಅವರ ತೋಟದಲ್ಲಿ ಸೊಪ್ಪು ಕೊಯ್ದು ತೀರಿಸುತ್ತೇನೆ ಅಂತ. ಅವರು, "ನಿಧಾನಕ್ಕೆ ಕೊಡಣ್ಣ" ಅಂದರು. ಮರುದಿನ ಬೆಟ್ಟದಲ್ಲಿ ಆ ದುಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಹುಂಡಿಗೆ ಹಾಕಿದ. ನನಗೆ ತಡೆಯಲಿಲ್ಲ. "ತಾತ, ಮಾದಪ್ಪ ಹೊಳೇಲೇ ಇಸ್ಕಂಡ ಅಂದಿದ್ದೆ?"

"ಅದು ತಮಾಸೆ ಕಣ್ಲಾ" ಅಂದ ತಾತ. "ಇದು ಬಾಕಿ."

ಊರಿಗೆ ಬಂದ ಮೇಲೆ ಅಜ್ಜಿಗೆ ಹೇಳಬೇಡ ಅಂದಿದ್ದ. ನಾನು ಅವತ್ತೇ ಹೇಳಿದೆ. ಅವಳು ನಂಬಲಿಲ್ಲ. "ಹೊಳೆ ತಗಂಡೋಯ್ತಾ, ಇಲ್ಲ ಇಸ್ಪೀಟ್ ತಗಂಡೋಯ್ತಾ?" ನಾನು ಮಾದಪ್ಪನ ಮೇಲೆ ಆಣೆ ಇಟ್ಟೆ. ಆದರೂ ನಂಬಲಿಲ್ಲ. ತಾತನೇ ಬಂದು ನಿಜ ಹೇಳಿದ. ಆಗಂತೂ ಒಂದಿಷ್ಟೂ ನಂಬಲಿಲ್ಲ. ಮೂವತ್ತು ನಲವತ್ತು ವರ್ಷ ಆಟ ಆಡಿಸಿದವನು ಅಲ್ವಾ. ಎರಡು ವಾರ ಅವನು ಬೆಳಗಿನ ಜಾವ ಎದ್ದು ಬೇರೆಯವರ ತೋಟಕ್ಕೆ ಸೊಪ್ಪು ಕೊಯ್ಯೋಕೆ ಹೋಗುವುದನ್ನು ಅಜ್ಜಿ ನೋಡಿದಳು. ಒಂದು ದಿನ ಬುತ್ತಿ ಕಟ್ಟಿ ನನ್ನ ಕೈಲಿ ಕೊಟ್ಟಳು. "ಕೊಟ್ಬುಟ್ಟು ಬಾ" ಅಂದಳು. ಅಷ್ಟೇ.

ಕಡ್ಡಿ ಲೆಕ್ಕ

ಮಾರನೇ ವರ್ಷ, 1997ರಲ್ಲಿ, ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಜಿಲ್ಲೆ ಮಾಡಿದರು. ಬೆಟ್ಟ ಹೊಸ ಜಿಲ್ಲೆಗೆ ಹೋಯಿತು. ತಾತನಿಗೆ ಅದೊಂದು ದೊಡ್ಡ ಸುದ್ದಿ. "ಮಾದಪ್ಪ ಜಿಲ್ಲೆ ಬದ್ಲಾಯಿಸ್ದ. ರೇಷನ್ ಕಾರ್ಡ್ ಬದ್ಲಾಯಿಸ್ಕಂಡ್ನೋ ಇಲ್ವೋ" ಅಂತ ಧೂಪ ಹಾಕುವಾಗಲೂ ಕೇಳುತ್ತಿದ್ದ. ಆಮೇಲೂ ಸುಮಾರು ವರ್ಷ ನಡೆದ. ನಾನು ಓದು, ಕೆಲಸ ಅಂತ ಬೆಂಗಳೂರು ಸೇರಿದೆ. ಅವನ ಮಂಡಿ ಸೋತಿತು.

ನಡೆಯೋಕೆ ಆಗದ ಮೇಲೆ ಶಿವರಾತ್ರಿ ಹೊತ್ತಿಗೆ ಮನೆ ಮುಂದೆ ಚಪ್ಪರ ಹಾಕಿಸಿ, ಪರಸೆ ಹೋಗುವವರಿಗೆ ಮಜ್ಜಿಗೆ ಕೊಡಿಸುತ್ತಿದ್ದ. ರಾತ್ರಿಯೆಲ್ಲ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನಡೆದು ಬಂದವರ ಬೊಬ್ಬೆ ಎದ್ದ ಕಾಲು ನೋಡಿ ಚುಡಾಯಿಸುವುದು, ಅಜ್ಜಿಯನ್ನು ಕೂಗಿ ಅದೇ ಕಾಲಿಗೆ ಹಚ್ಚೋಕೆ ಹರಳೆಣ್ಣೆ ತರಿಸುವುದು. ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದ: "ಕನಕಪುರದ ಕಡೆ ಒಬ್ಬ ಮುದ್ಕ ಬಾಕಿ ಮಡಿಕ್ಕಂಡವ್ನೆ, ಬತ್ತಾನೆ, ಒಸಿ ತಡ್ಕೋ ಅಂತ ಹೇಳ್ಬುಡ್ರಪ್ಪ ಅವ್ನಿಗೆ." ಹುಡುಗರು ನಗುತ್ತಾ ಆಯ್ತು ತಾತ ಅಂತ ಹೋಗುತ್ತಿದ್ದರು. ಆ ಮಾತು ಬರೀ ತಮಾಷೆ ಅಲ್ಲ ಅಂತ ಹೇಗೆ ಗೊತ್ತಾಗಬೇಕು ಅವರಿಗೆ.

2011ರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ತಣ್ಣೀರು ಸುರಿದುಕೊಂಡು ಬಂದು ಕೂತವನು ಏಳಲಿಲ್ಲ. ಮಣ್ಣಾಯಿತು. ಹಾಲುತುಪ್ಪದ ದಿನ ಸಮಾಧಿ ಮೇಲೆ ಎಡೆ ಇಟ್ಟು, ಪಕ್ಕದಲ್ಲಿ ಎಲೆಅಡಿಕೆ, ಒಂದು ಕಟ್ಟು ಬೀಡಿ ಇಟ್ಟೆವು. ಬೆಂಕಿಪೊಟ್ಟಣ ಇಡೋದು ಮರೆತೆವು ಅಂತ ಚಿಕ್ಕಪ್ಪ ಅರ್ಧ ದಾರಿಯಿಂದ ವಾಪಸ್ ಹೋಗಿ ಇಟ್ಟು ಬಂದರು. ತಿಥಿಗೆ ಹಾಕಿಸಿದ ಫ್ಲೆಕ್ಸಿನಲ್ಲಿ "ದೈವಭಕ್ತರೂ, ಮಿತಭಾಷಿಗಳೂ ಆದ" ಅಂತ ಅಚ್ಚಾಗಿತ್ತು. ಮಿತಭಾಷಿ! ಅಂಗಡಿಯವನು ಇನ್ಯಾರದೋ ಫ್ಲೆಕ್ಸಿನ ಮಾತನ್ನು ಹಾಗೇ ಹಾಕಿದ್ದ. ಊಟಕ್ಕೆ ಬಂದವರೆಲ್ಲ ಅದನ್ನು ಓದಿ, ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದರು. ತಿಥಿ ಮನೆಯಲ್ಲಿ ಅಷ್ಟು ನಗು ನಾನು ಬೇರೆಲ್ಲೂ ನೋಡಿಲ್ಲ.

ಡಬ್ಬಿ ತೆಗೆದದ್ದು ಆಮೇಲೆ. ವರ್ಷದ ತಿಥಿ ಆಗುವ ತನಕ ನಾವು ಬೆಟ್ಟಕ್ಕೆ ಹೋಗುವ ಹಾಗಿರಲಿಲ್ಲ, ಹಾಗಾಗಿ ಅದರ ಗೊಡವೆಗೆ ಯಾರೂ ಹೋಗಿರಲಿಲ್ಲ. ಅಜ್ಜಿಯೇ ಮುಚ್ಚಳ ಕಿತ್ತು ಚಾಪೆ ಮೇಲೆ ಸುರಿದಳು. ಒಂದು ರೂಪಾಯಿಯೂ ಇರಲಿಲ್ಲ. ಬರೀ ಸುಟ್ಟ ಕಡ್ಡಿಗಳು. ಚಾಪೆ ಮೇಲೆಲ್ಲ ಕಪ್ಪು ಪುಡಿ. ಒಂದೊಂದೇ ಎಣಿಸಿದಳು. 43.

ಒಂದು ಕಡ್ಡಿಗೆ ಎಷ್ಟು ಅನ್ನೋದೇ ದೊಡ್ಡ ಪಂಚಾಯ್ತಿ ಆಯಿತು. ಕಡ್ಡಿಗೆ ಒಂದು ರೂಪಾಯಿ ಅಂತ ಅಪ್ಪ. ಅದು ಹಳೇ ಕಾಲ, ಈಗ ಐದಾದರೂ ಹಿಡಿಯಬೇಕು ಅಂತ ಚಿಕ್ಕಪ್ಪ. ಸಾವಿರದೊಂದು ಹಾಕಿ ಕೈಮುಗಿದರಾಯಿತು, ಲೆಕ್ಕ ಯಾಕೆ ಅಂತ ನಾನು. ಅಜ್ಜಿ ನನ್ನನ್ನು ಒಂಥರಾ ನೋಡಿದಳು. "ದಾನ ಮಾಡಕ್ಕೋಯ್ತಾ ಇದ್ದೀಯಾ ನೀನು? ಅವ್ರಿಬ್ರದ್ದು ಲೆಕ್ಕ ಕಣಪ್ಪ ಇದು. ಕಡ್ಡಿಗೆ ಹತ್ರೂಪಾಯಿ. ಬಡ್ಡಿ ಸೇರ್ಸಿ." ಆ ದುಡ್ಡನ್ನೂ ನಮ್ಮ ಹತ್ತಿರ ತೆಗೆದುಕೊಳ್ಳಲಿಲ್ಲ. ಹಾಲು ಮಾರಿದ್ದ ಅವಳ ದುಡ್ಡು.

ಚಿಕ್ಕಪ್ಪನ ಮಗ, ನಾನು, ಅಜ್ಜಿ, ಮೂವರೂ ಬಸ್ಸಿನಲ್ಲಿ ಹೋದೆವು. ಅವಳಿಗೆ ಬಸ್ಸೆಂದರೆ ವಾಂತಿ. ಹನೂರು ಬರುವ ಹೊತ್ತಿಗೆ ನಿಂಬೆಹಣ್ಣು ಮೂಸಿ ಮೂಸಿ ಸುಸ್ತಾಗಿದ್ದಳು. ಸ್ವಾಮಿ ಮುಂದೆ ತಳ್ಳಾಟದಲ್ಲಿ ಎರಡು ಕ್ಷಣ ಸಿಕ್ಕಿತು. ಹುಂಡಿ ಹತ್ತಿರ ಬಂದು ಸೊಂಟದ ಚೀಲ ಬಿಚ್ಚಿದಳು. ಒಂದು ಕೈಯಲ್ಲಿ ನೋಟುಗಳು, ಒಂದು ಕೈಯಲ್ಲಿ ದಾರ ಕಟ್ಟಿದ ಕಡ್ಡಿ ಕಂತೆ. ಒಂದು ನೋಟು ಹುಂಡಿಗೆ, ಒಂದು ಕಡ್ಡಿ ಸೆರಗಿಗೆ. ಹಿಂದೆ ನಿಂತವರು ಗೊಣಗಿದರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ನೋಟು, ಒಂದು ಕಡ್ಡಿ ಉಳಿಯಿತು. ನೋಟನ್ನು ಮಡಚಿ ವಾಪಸ್ ಚೀಲಕ್ಕೆ ಇಟ್ಟುಕೊಂಡಳು.

"ಅಜ್ಜಿ, ಇನ್ನೊಂದು ಅದೆ" ಅಂದ ಚಿಕ್ಕಪ್ಪನ ಮಗ.

"ಇರ್ಲಿ. ಪೂರಾ ತೀರುಸ್ಬುಟ್ರೆ ಮಾದಪ್ಪ ಅವ್ನನ್ನ ಯಾಕ್ ನೆನುಸ್ಕತಾನೆ?"

ಅವನು ಲೆಕ್ಕ ಹಾಕಿದ. 42 ಕಡ್ಡಿ, ನಾನೂರ ಇಪ್ಪತ್ತು ರೂಪಾಯಿ. "ಅಜ್ಜಿ, ಫೋರ್‌ಟ್ವೆಂಟಿ ಆಯ್ತಲ್ಲ!"

"ಹೂಂ ಮತ್ತೆ. ನಿಮ್ ತಾತನ್ ಲೆಕ್ಕ ಇನ್ನೆಷ್ಟಾಯ್ತದೆ" ಅಂದಳು ಅಜ್ಜಿ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ. ಸೆರಗಲ್ಲಿದ್ದ ಕಡ್ಡಿಗಳನ್ನೆಲ್ಲ ಧೂಪದ ಕೆಂಡಕ್ಕೆ ಸುರಿದು ಕೈಮುಗಿದಳು.

ವಾಪಸ್ ಬರುವಾಗ ಬಸ್ಸು ತಾಳುಬೆಟ್ಟದ ತಿರುವುಗಳನ್ನು ಇಳಿಯುತ್ತಿತ್ತು. ನಿದ್ದೆ ಬಂದಿರಬೇಕು ಅಂತ ಅವಳ ಕಡೆ ತಿರುಗಿದೆ. ಕಿಟಕಿಗೆ ತಲೆ ಆನಿಸಿಕೊಂಡು, ಅರ್ಧ ಕಣ್ಣು ಮುಚ್ಚಿಕೊಂಡು, ಉಳಿದ ಆ ಕಡ್ಡಿಯಲ್ಲಿ ಹಾಯಾಗಿ ಕಿವಿ ಕೆರೆದುಕೊಳ್ಳುತ್ತಿದ್ದಳು.